ಸೈಡ್ ಕ್ವೆಸ್ಟ್: ಕಥೆಯ ಜೀವಾಳವೋ, ಗಂಟೆ ತುಂಬಿಸುವ ಕೆಲಸವೋ?

ದೊಡ್ಡ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಕಥೆಯ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್, ಆಡುವವರ ನಡುವೆ ಒಂದು ಜಗಳ ಮುಗಿಯುವುದೇ ಇಲ್ಲ. ಮುಖ್ಯ ಕಥೆ ಮೂವತ್ತು ನಲವತ್ತು ಗಂಟೆಗೆ ಮುಗಿಯುತ್ತದೆ. ಪೂರ್ತಿ ಗೇಮ್ ಆಡಲು ನೂರು ಗಂಟೆಯೂ ಸಾಲದು. ಉಳಿದ ಹೊತ್ತನ್ನೆಲ್ಲ ತಿನ್ನುವುದು ಸೈಡ್ ಕ್ವೆಸ್ಟ್‌ಗಳು, ಅಂದರೆ ಮುಖ್ಯ ಕಥೆಯ ಆಚೆಗಿನ ಬಿಡಿ ಕೆಲಸಗಳು. ಗೇಮಿನ ಜೀವವೇ ಅಲ್ಲಿದೆ ಎನ್ನುವವರಿದ್ದಾರೆ. ಸುಮ್ನೆ ಎಳೆದಿದ್ದಾರೆ ಎನ್ನುವವರೂ ಇದ್ದಾರೆ. ಇಬ್ಬರಿಗೂ ಬೇಕಾದಷ್ಟು ಪುರಾವೆ ಹಳೇ ಗೇಮ್‌ಗಳಲ್ಲೇ ಸಿಗುತ್ತದೆ.

1996ರಲ್ಲಿ ಬೆಥೆಸ್ಡಾ ಕಂಪನಿಯ ‘ಡ್ಯಾಗರ್‌ಫಾಲ್’ ಬಂತು. ಸಾವಿರಾರು ಊರು, ಗುಹೆಗಳಿದ್ದ ಗೇಮ್ ಅದು. ಅಷ್ಟಕ್ಕೂ ಕೂತು ಕಥೆ ಬರೆಯುವುದು ಆಗುವ ಮಾತಲ್ಲ. ಹಾಗಾಗಿ ಒಂದಿಷ್ಟು ಅಚ್ಚು ತಯಾರಿಸಿಟ್ಟರು. ಇಂಥ ಗುಹೆಗೆ ಹೋಗು, ಇಂಥದ್ದನ್ನು ಕೊಲ್ಲು, ಇಷ್ಟು ದಿನದೊಳಗೆ ವಾಪಸ್ ಬಾ. ಊರು, ಹೆಸರುಗಳನ್ನು ಕಂಪ್ಯೂಟರೇ ತುಂಬುತ್ತಿತ್ತು.

ನಾಲ್ಕು ವರ್ಷದ ನಂತರ, 2000ದಲ್ಲಿ, ಬಯೋವೇರ್ ಕಂಪನಿ ತನ್ನ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಬೇರೆಯದೇ ದಾರಿ ಹಿಡಿಯಿತು. ನಮ್ಮ ಜೊತೆಗೇ ಬೆಳೆದ ಇಮೋಯೆನ್‌ಳನ್ನು ಮಾಂತ್ರಿಕರು ಹಿಡಿದುಕೊಂಡು ಹೋಗುತ್ತಾರೆ. ಅವಳನ್ನು ಹುಡುಕಲು ನೆರವಾಗುತ್ತೇನೆ ಎಂದು ಒಬ್ಬ ಮುಂದೆ ಬರುತ್ತಾನೆ. ಅವನು ಕೇಳುವುದು 20,000 ಚಿನ್ನದ ನಾಣ್ಯ. ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿರಬೇಕು? ಸಿಕ್ಕಿದ ಕೆಲಸ ಮಾಡಬೇಕು. ನಲಿಯಾ ಎಂಬ ಹುಡುಗಿಯ ಅಪ್ಪನ ಕೋಟೆಯನ್ನು ಟ್ರೋಲ್ ಎಂಬ ರಾಕ್ಷಸರು ಹಿಡಿದಿರುತ್ತಾರೆ, ಅಲ್ಲಿಗೆ ಹೋಗಬೇಕು. ಮುಖ್ಯ ಕಥೆಗೇ ದುಡ್ಡಿನ ಅವಸರ ಇದ್ದಿದ್ದರಿಂದ ಊರೂರು ಸುತ್ತುವುದಕ್ಕೂ ಒಂದು ಅರ್ಥ ಬಂತು.

2004ರ ಕೊನೆಗೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದ ಮೇಲೆ ಲೆಕ್ಕವೇ ಬದಲಾಯಿತು. ತಲೆ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಇರುವವರ ಹತ್ತಿರ ಹೋದರೆ ಕೆಲಸ ಸಿಗುತ್ತದೆ. ಇಷ್ಟು ತೋಳ ಕೊಲ್ಲು, ಅಷ್ಟು ಚರ್ಮ ತಾ. ಅದು ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟಿ ಆಡುವ ಗೇಮ್. ಆಟಗಾರ ಜಾಸ್ತಿ ದಿನ ಉಳಿದಷ್ಟೂ ಕಂಪನಿಗೆ ಲಾಭ. ಸಮಸ್ಯೆ ಏನೆಂದರೆ, ಒಂದೇ ಸಲ ದುಡ್ಡು ಕೊಟ್ಟು ಒಬ್ಬರೇ ಆಡುವ ಗೇಮ್‌ಗಳಿಗೂ ಈ ಚಾಳಿ ಅಂಟಿತು.

2014ರ ನವೆಂಬರ್‌ನಲ್ಲಿ ಬಂದ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ನೋಡಿ. ಇದೂ ಬಯೋವೇರ್‌ನದೇ. ಆಕಾಶ ಸೀಳಿಕೊಂಡು ಅದರಿಂದ ದೆವ್ವಗಳು ಉದುರುತ್ತಿರುತ್ತವೆ. ನಾಯಕ ಮಾತ್ರ ಹಿಂಟರ್‌ಲ್ಯಾಂಡ್ಸ್ ಎಂಬ ಬಯಲಿನಲ್ಲಿ ಟಗರು ಬೇಟೆಯಾಡಿ, ನಿರಾಶ್ರಿತರಿಗೆ ಮಾಂಸ ಒಪ್ಪಿಸುತ್ತಿರುತ್ತಾನೆ. ಹಸಿದವರಿಗೆ ಊಟ ಕೊಡುವುದು ತಪ್ಪಲ್ಲ, ಆದರೆ ಅವರಲ್ಲಿ ಒಬ್ಬರ ಕಥೆಯೂ ನಮಗೆ ಗೊತ್ತಾಗುವುದಿಲ್ಲ. ಇಂಥ ಕೆಲಸಗಳಿಂದ ‘ಪವರ್’ ಎಂಬ ಅಂಕ ಬರುತ್ತದೆ. ಅದು ಸಾಕಷ್ಟು ಕೂಡದಿದ್ದರೆ ಮುಖ್ಯ ಕಥೆಯ ಮುಂದಿನ ಬಾಗಿಲು ತೆರೆಯದು. ‘ಮೊದಲು ಹಿಂಟರ್‌ಲ್ಯಾಂಡ್ಸ್ ಬಿಟ್ಟು ಹೊರಡಿ’ ಎಂದು ಹಳೇ ಆಟಗಾರರು ಹೊಸಬರಿಗೆ ಹೇಳುವುದೇ ರೂಢಿಯಾಯಿತು. ಆದರೂ ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಎನಿಸಿದ್ದು ಇದೇ.

ಮರುವರ್ಷ ಅದೇ ಪ್ರಶಸ್ತಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ‘ದಿ ವಿಚರ್ 3’ಕ್ಕೆ ಹೋಯಿತು. ಅದರ ಶುರುವಿನಲ್ಲೇ ಒಬ್ಬ ಅಜ್ಜಿ ಸಿಗುತ್ತಾಳೆ. ಯಾರೋ ಹೊರಗಿನವನು ಅವಳ ಬಾಣಲೆ ಕೇಳಿ ಪಡೆದು, ಗುಡಿಸಲಿನ ಬಾಗಿಲು ಹಾಕಿಕೊಂಡಿದ್ದಾನೆ. ಅಜ್ಜಿಗೆ ಬಾಣಲೆ ವಾಪಸ್ ಬೇಕು, ಅಷ್ಟೇ. ಬಾಗಿಲು ಒಡೆದರೆ ಒಳಗೆ ಒಂದು ಹೆಣ. ಒಂದೇ ಕಣ್ಣಿಗೆ ಹಾಕುವ ಮಾನೊಕಲ್ ಬಿದ್ದಿದೆ. ಬಾಣಲೆ ಮಾತ್ರ ಫಳಫಳ ಹೊಳೆಯುತ್ತಿದೆ. ಅದರ ಮಸಿ ಕೆರೆದು ಬರೆಯಲು ಶಾಯಿ ಮಾಡಿಕೊಂಡಿದ್ದಾರೆ! ಮೊದಲ ‘ವಿಚರ್’ ಆಡಿದವರಿಗೆ ಆ ಮಾನೊಕಲ್ ಬೇಹುಗಾರ ಥೇಲರ್‌ನದು ಎಂದು ಹೊಳೆಯುತ್ತದೆ. ಒಂದು ವಸ್ತು ತಂದುಕೊಡುವ ಐದು ನಿಮಿಷದ ಕೆಲಸ, ಆದರೆ ಯುದ್ಧದ ನೆರಳು ಅಜ್ಜಿಯ ಅಡುಗೆಮನೆಯವರೆಗೂ ಬಂದಿರುವುದು ಅಷ್ಟರಲ್ಲೇ ಕಾಣುತ್ತದೆ. ಹಾಗಂತ ಈ ಗೇಮಿನಲ್ಲೂ ಎಲ್ಲ ಸರಿಯಿಲ್ಲ. ಮ್ಯಾಪ್ ತೆಗೆದರೆ ಸ್ಕೆಲಿಗೆ ದ್ವೀಪಗಳ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ದೋಣಿ ಹತ್ತಿ ಹೋದರೆ ಕಳ್ಳಸಾಗಣೆಯವರ ಪೀಪಾಯಿ. ಮುಂದೆ ಹೋದರೆ ಮತ್ತದೇ ಪೀಪಾಯಿ.

ಕೆಲಸ ಚಿಕ್ಕದೋ ದೊಡ್ಡದೋ ಎಂಬುದು ಮುಖ್ಯವೇ ಅಲ್ಲ ಎಂದು ನನಗನ್ನಿಸುವುದು ಇದಕ್ಕೇ. ಅದನ್ನು ಮಾಡಿದರೆ, ಬಿಟ್ಟರೆ, ಯಾರಿಗಾದರೂ ಏನಾದರೂ ಆಗುತ್ತದಾ? 2010ರ ‘ಮಾಸ್ ಎಫೆಕ್ಟ್ 2’ ಇದನ್ನು ತುಂಬ ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಸಂಗಡಿಗರ ಸ್ವಂತ ಕಷ್ಟಕ್ಕೆ ಹೆಗಲು ಕೊಡುವುದು ಅಲ್ಲಿ ಕಡ್ಡಾಯವಲ್ಲ. ಬಿಟ್ಟರೆ, ಕೊನೆಯ ಹೋರಾಟದಲ್ಲಿ ಅವರು ಸಾಯಬಹುದು.

ಕೆಟ್ಟ ಉದಾಹರಣೆ ಎಂದರೆ 2018ರ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’. ಮುಖ್ಯ ಕಥೆಗೆ ಲೆವೆಲ್, ಅಂದರೆ ನಾಯಕನ ಬಲದ ಮಟ್ಟ, ಸಾಲದಿದ್ದರೆ ಸೈಡ್ ಕೆಲಸ ಮಾಡಿ ಲೆವೆಲ್ ಏರಿಸಬೇಕು. ಲೆವೆಲ್ ಬೇಗ ಏರಿಸುವ ಬೂಸ್ಟರನ್ನು ಅದೇ ಗೇಮಿನ ಅಂಗಡಿಯಲ್ಲಿ ಬೇರೆ ದುಡ್ಡಿಗೆ ಮಾರುತ್ತಿದ್ದರು. ಒಂದು ಕೈಯಲ್ಲಿ ಬೇಸರ ಕೊಟ್ಟು ಇನ್ನೊಂದು ಕೈಯಲ್ಲಿ ಅದಕ್ಕೆ ಮದ್ದು ಮಾರಿದ ಹಾಗೆ ಕಂಡಿತು ಆಟಗಾರರಿಗೆ. ಅವರು ಸಿಟ್ಟಾಗಿದ್ದು ಸರಿಯೇ.

ಗಂಟೆಯ ಲೆಕ್ಕಕ್ಕೂ ಕಾರಣವಿದೆ. ಅಮೆರಿಕದಲ್ಲಿ 60 ಡಾಲರ್ ಇದ್ದ ದೊಡ್ಡ ಗೇಮ್‌ಗಳ ಬೆಲೆ 2020ರಿಂದ 70ಕ್ಕೆ ಏರತೊಡಗಿತು. ನಮ್ಮಲ್ಲೂ ಒಂದು ಹೊಸ ಗೇಮಿಗೆ ನಾಲ್ಕೈದು ಸಾವಿರ ರೂಪಾಯಿ. ಮನೆಯಲ್ಲಿ ಕೇಳಿ, ವರ್ಷಕ್ಕೊಂದು ಕೊಳ್ಳುವ ಹುಡುಗನಿಗೆ ಅದು ಬಹಳ ದಿನ ಬಾಳಬೇಕು, ಅಲ್ವಾ? ಆ ಆಸೆಯನ್ನು ಹಗುರವಾಗಿ ನೋಡಬಾರದು. ಆದರೆ 2022ರ ಜನವರಿಯಲ್ಲಿ, ‘ಡೈಯಿಂಗ್ ಲೈಟ್ 2’ ಪೂರ್ತಿ ಮುಗಿಸಲು 500 ಗಂಟೆ ಬೇಕು ಎಂದು ಅದನ್ನು ಮಾಡಿದ ಟೆಕ್‌ಲ್ಯಾಂಡ್ ಹೆಮ್ಮೆಯಿಂದ ಹೇಳಿಕೊಂಡಾಗ, ಖುಷಿಪಡುವ ಬದಲು ಜನ ತಿರುಗಿಬಿದ್ದರು. ಮುಖ್ಯ ಕಥೆಗೆ 20 ಗಂಟೆ ಸಾಕು ಎಂದು ಕಂಪನಿಯೇ ಸಮಾಧಾನ ಹೇಳಬೇಕಾಯಿತು.

ಮರುತಿಂಗಳೇ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ‘ಎಲ್ಡನ್ ರಿಂಗ್’ ಬಂತು. ಅದರಲ್ಲಿ ಕ್ವೆಸ್ಟ್‌ಗಳ ಪಟ್ಟಿಯೇ ಇಲ್ಲ. ಅಲೆಕ್ಸಾಂಡರ್ ಎಂಬ ಜೀವವಿರುವ ದೈತ್ಯ ಮಡಕೆ ನೆಲದ ಗುಂಡಿಯಲ್ಲಿ ಸಿಕ್ಕಿಕೊಂಡು ಕೂಗುತ್ತಿರುತ್ತಾನೆ. ದನಿ ಕೇಳಿ ಹೋದರೆ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ. ಇದು ಹಲವರಿಗೆ ತುಂಬ ಹಿಡಿಸಿತು. ಯಾರು ಎಲ್ಲಿ ಸಿಕ್ಕಿದ್ದರು ಎಂದೇ ನೆನಪಿಲ್ಲ ಎಂದು ಇನ್ನು ಕೆಲವರು ದೂರಿದರು. ಮಾರ್ಚ್‌ನ ಅಪ್‌ಡೇಟ್‌ನಲ್ಲಿ, ಭೇಟಿಯಾದವರ ಗುರುತು ಮ್ಯಾಪಿನಲ್ಲಿ ಉಳಿಯುವ ಹಾಗೆ ಫ್ರಮ್‌ಸಾಫ್ಟ್‌ವೇರ್ ಮಾಡಿತು. ಪಟ್ಟಿ ಮಾತ್ರ ಕೊಡಲಿಲ್ಲ.