ಪ್ಲೈವುಡ್ ಪಂದ್ಯದೋಣಿಯ ರಿಪೇರಿ: ಕೂಡಿಕೆ ಎಲ್ಲಿ ಬಿಡುತ್ತದೆ, ಏಕೆ ಬಿಡುತ್ತದೆ

1956ರ ಜನವರಿಯ ಚಳಿಯಲ್ಲಿ, ರಾತ್ರಿ ಹೊತ್ತು, ಎರಡು ಪ್ಲೈವುಡ್ ಹಾಯಿದೋಣಿಗಳು ಇಂಗ್ಲಿಷ್ ಕಾಲುವೆ ದಾಟಿದವು. ಜ್ಯಾಕ್ ಹೋಲ್ಟ್ ವಿನ್ಯಾಸದ ‘ಎಂಟರ್‌ಪ್ರೈಸ್’ ಪಂದ್ಯದೋಣಿಗೆ ಬ್ರಿಟನ್ನಿನ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆ ಕೊಟ್ಟ ಪ್ರಚಾರವದು. 4.04 ಮೀಟರ್ ಉದ್ದ, ಇಬ್ಬರು ಸವಾರರು, ನೀಲಿ ಹಾಯಿ. ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ ಕೂಡ ಸಿಗುತ್ತಿತ್ತು. ಹಾಗಾಗಿ ಬೇಗ ಹಬ್ಬಿತು, ಭಾರತದ ಕ್ಲಬ್‌ಗಳಿಗೂ ಬಂತು. 1962ರಲ್ಲಿ ಪೀಟರ್ ಮಿಲ್ನ್ ರೂಪಿಸಿದ ಫೈರ್‌ಬಾಲ್ ಕೂಡ ಪ್ಲೈವುಡ್ ಕಾಲದ್ದೇ. ಆ ವರ್ಗದಲ್ಲೇ ಫರೋಖ್ ತಾರಾಪೋರ್, ಜರೀರ್ ಕರಂಜಿಯಾ ಜೋಡಿ 1982ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು. ಬೆಂಗಳೂರಿನಲ್ಲಿ ಈ ಆಟಕ್ಕೆ ನೆಲೆ ಹಲಸೂರು ಕೆರೆಯ ಮಗ್ಗುಲಿನ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್. ಅವರ ಕ್ಲಬ್ಬಿನ ಹೆಸರು ತೃಷ್ಣಾ. 1985–87ರಲ್ಲಿ ಸೇನೆಯ ಎಂಜಿನಿಯರುಗಳು ಭೂಮಿ ಸುತ್ತಿಬಂದ ನೌಕೆಯ ಹೆಸರೂ ಅದೇ. ಆ ನೌಕೆ ಫೈಬರ್‌ಗ್ಲಾಸಿನದು, ಇಲ್ಲಿ ಮಾತು ಹಳೆಯ ಮರದ ದೋಣಿಗಳ ರಿಪೇರಿಯದು.

ಸುಮಾರು 6 ಮಿ.ಮೀ. ಹಲಗೆಯಲ್ಲಿ ದೋಣಿ ಕಟ್ಟಲು ಸಾಧ್ಯವಾದದ್ದು ವಿಮಾನದ ಅಂಟಿನಿಂದ. ಎರಡನೇ ಮಹಾಯುದ್ಧಕಾಲದ, ಮರದಲ್ಲಿ ಕಟ್ಟಿದ ಮೊಸ್ಕಿಟೊ ವಿಮಾನಕ್ಕೆ ಮೊದಲು ಹಾಲಿನಿಂದ ತೆಗೆದ ಕೇಸೀನ್ ಅಂಟು ಬಳಸಿದರು, ಆಮೇಲೆ ಯೂರಿಯಾ-ಫಾರ್ಮಾಲ್ಡಿಹೈಡ್. ಯುದ್ಧ ಮುಗಿದ ಮೇಲೆ ಯೂರಿಯಾ ಅಂಟು ದೋಣಿ ಕಟ್ಟುವವರ ಕೈಗೂ ಬಂತು. ತಂಪು ದೇಶದಲ್ಲಿ ಅದು ದಶಕಗಟ್ಟಲೆ ನಿಂತೀತು. ಬಿಸಿಯೂ ತೇವವೂ ಸೇರಿದಲ್ಲಿ ಒಳಗೊಳಗೇ ಒಡೆದು ಪುಡಿಯಾಗುತ್ತದೆ. ಆದ್ದರಿಂದ ರಿಪೇರಿಗೆ ಮುಂಚೆ ಅಂಟಿನ ಗೆರೆ ನೋಡಿ. ಕಡುಗೆಂಪು ಮಿಶ್ರಿತ ಕಂದು ಗೆರೆಯಿದ್ದರೆ ಅದು ನೀರು ತಾಳುವ ರಿಸಾರ್ಸಿನಾಲ್ ಅಂಟು. ಕೂಡಿಕೆ ಗಟ್ಟಿಯಿದ್ದರೆ ಮುಟ್ಟಬೇಡಿ. ಬಿಳಿಚಿದ ಗೆರೆ ಉಳಿಯ ಮೊನೆಗೆ ಉದುರಿದರೆ ಯೂರಿಯಾ. ಅದರ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸುರಿದು ಪ್ರಯೋಜನವಿಲ್ಲ, ಹಿಡಿತವೆಲ್ಲ ಸತ್ತ ಅಂಟಿನ ಮೇಲೇ ನಿಲ್ಲುತ್ತದೆ. ಬರಿಮರ ಕಾಣುವ ತನಕ ಕೆರೆಯಲೇಬೇಕು.

ಎರಡನೆಯ ಶತ್ರು ಮಳೆನೀರು. ಉಪ್ಪುನೀರು ಮರ ಕೊಳೆಸುವ ಬೂಷ್ಟನ್ನು ತಡೆಯುತ್ತದೆ, ಸಿಹಿನೀರು ಸಾಕುತ್ತದೆ. ಟಾರ್ಪಾಲು ಬಿಗಿಯಾಗಿ ಸುತ್ತಿ ಅಂಗಳದಲ್ಲಿಟ್ಟ ದೋಣಿ, ವಾರಕ್ಕೊಮ್ಮೆ ನೀರಿಗಿಳಿದು ಒಣಗುವ ದೋಣಿಗಿಂತ ಬೇಗ ಕೊಳೆಯುತ್ತದೆ. ಮೊದಲು ಹೋಗುವುದು ಹಿಂಬದಿ ಹಲಗೆಯ ತಳ, ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ) ಪೆಟ್ಟಿಗೆ ತಳಕ್ಕೆ ಕೂಡುವ ಜಾಗ, ಹಾಯಿ ಕಟ್ಟುವ ಕೂವೆಮರದ ಬುಡ, ಹಲಗೆಗಳು ಕೋನವಾಗಿ ಸೇರುವಲ್ಲಿ ಒಳಗೆ ಕೂತ ಪಟ್ಟಿಮರ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತ ಹೋಗಿ: ಟಕ್ ಎಂದರೆ ಗಟ್ಟಿ, ಡಬ್ ಎಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಮುದ್ರ ಕಂಡ ದೋಣಿಯಾದರೆ ಒಂದೆರಡು ಹಿತ್ತಾಳೆ ಸ್ಕ್ರೂ ಬಿಚ್ಚಿ ನೋಡಿ. ನಸುಗೆಂಪಾಗಿದ್ದರೆ ಸತು ಕರಗಿ ಹೋಗಿದೆ, ತಿರುಗಿಸುವಾಗಲೇ ಮುರಿಯುತ್ತವೆ. ಎಲ್ಲವನ್ನೂ ಸಿಲಿಕಾನ್ ಕಂಚಿಗೆ ಬದಲಿಸುವುದೇ ಲೇಸು.

ಒಡಲನ್ನು ಕನಿಷ್ಠ ಮೂರು ಕಡೆ, ಅದರ ಆಕಾರಕ್ಕೆ ಕೊರೆದ ಅಚ್ಚುಹಲಗೆಯ ಮೇಲೆ ಕೂರಿಸಿ, ಉದ್ದಕ್ಕೂ ದಾರ ಎಳೆದು ತಿರುಚಿಲ್ಲವೆಂದು ನೋಡಿಕೊಂಡ ಮೇಲೆಯೇ ಕತ್ತರಿಸಬೇಕು. ತಿರುಚಿದ ಒಡಲಿಗೆ ಹೊಸ ಹಲಗೆ ಅಂಟಿಸಿದರೆ ತಿರುಚು ಶಾಶ್ವತ. ಬಣ್ಣ ತೆಗೆಯಲು ಹೀಟ್ ಗನ್ ಬೇಡ. ಬಣ್ಣದ ಜೊತೆ ಕೂಡಿಕೆಯೂ ಸಡಿಲಾಗುತ್ತದೆ. ಕೊಳೆತ ಭಾಗವನ್ನು ಗಟ್ಟಿಮರದೊಳಕ್ಕೆ ಸುಮಾರು 100 ಮಿ.ಮೀ. ದಾಟಿ ತೆಗೆಯಿರಿ. ತೇವ ಶೇ. 12ಕ್ಕೆ ಇಳಿಯುವ ತನಕ ಕಾಯಿರಿ. ಫೆಬ್ರವರಿ–ಏಪ್ರಿಲ್ ಇದಕ್ಕೆ ಹೇಳಿಮಾಡಿಸಿದ ಕಾಲ.

ಹೊಸ ತುಂಡು ಕೂರಿಸಲು 1:8 ಓರೆ ಕೂಡಿಕೆ, ಅಂದರೆ 6 ಮಿ.ಮೀ. ಹಲಗೆಗೆ 48 ಮಿ.ಮೀ. ಓರೆ. ಮೊದಲು ಎರಡೂ ಮುಖಕ್ಕೆ ಬರೀ ಎಪಾಕ್ಸಿ ಹಚ್ಚಿ ಕುಡಿಯಲು ಬಿಡಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ್ದನ್ನು. ಕ್ಲಾಂಪನ್ನು ಹಿತವಾಗಿ ಬಿಗಿಯಬೇಕು. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಬಂದು ಕೂಡಿಕೆ ಬಡವಾಗುತ್ತದೆ. ಜೋರಾಗಿ ಬಿಗಿಯುವ ಬಡಗಿಗಳ ಹಳೆಯ ಅಭ್ಯಾಸ ಇಲ್ಲಿ ತಿರುಗುಬಾಣ. ಎಪಾಕ್ಸಿಯ ಎರಡು ದ್ರವಗಳ ಅಳತೆ ತಕ್ಕಡಿಯಲ್ಲಿ, ಕಣ್ಣಂದಾಜಿನಲ್ಲಲ್ಲ. ಒಂದೇ ಡಬ್ಬದಲ್ಲಿ ಹೆಚ್ಚು ಕಲಸಿಟ್ಟರೆ ಕಾದು ಹೊಗೆಯಾಡುತ್ತದೆ. ಮಳೆಗಾಲದ ತೇವದಲ್ಲಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಉಜ್ಜುವ ಮುಂಚೆ ನೀರಿನಲ್ಲಿ ತೊಳೆಯದಿದ್ದರೆ ಮುಂದಿನ ಲೇಪ ಸುಲಿದು ಬರುತ್ತದೆ. ತೇಗವಾದರೆ ಎಣ್ಣೆಯಂಶ ಹೋಗಲು ಅಸಿಟೋನ್‌ನಲ್ಲಿ ಒರೆಸಿ ಅಂಟಿಸಿ. ಬಿಸಿಲಿಗೆ ಎಪಾಕ್ಸಿ ಪುಡಿಪುಡಿಯಾಗುವುದರಿಂದ ಮೇಲೆ ಪಾಲಿಯುರೆಥೇನ್ ಬಣ್ಣವೋ ವಾರ್ನಿಷೋ ಕಡ್ಡಾಯ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ‘710 ಪ್ಲೈ’ ಎಂದರೆ ಮರೀನ್ ಪ್ಲೈವುಡ್. ಐಎಸ್ 710 ಎಂಬ ಭಾರತೀಯ ಮಾನಕದಂತೆ ಅಂಟು 72 ಗಂಟೆ ಕುದಿನೀರಿನಲ್ಲಿ ನಿಲ್ಲಬೇಕು. ಅಂಚು ನೋಡಿಯೇ ಕೊಳ್ಳಿ: ಪದರಗಳ ನಡುವೆ ಸಂದು ಕಂಡರೆ ಬಿಡಿ. ತೂಕವೂ ಲೆಕ್ಕಕ್ಕೆ ಬರುತ್ತದೆ. ಒಕುಮೆ ಮರದ 6 ಮಿ.ಮೀ. ಹಲಗೆ ಚದರ ಮೀಟರಿಗೆ 3 ಕಿಲೋ ಆಸುಪಾಸು, ಗರ್ಜನ್ ಮರದ್ದು 4 ಕಿಲೋ ದಾಟುತ್ತದೆ. ಎಂಟರ್‌ಪ್ರೈಸ್‌ನ ಕನಿಷ್ಠ ಒಡಲ ತೂಕವೇ 94 ಕಿಲೋ. ತಳವೆಲ್ಲ ಗರ್ಜನ್ ಹಾಕಿದ ದೋಣಿ ತೇಲೀತು, ಗೆಲ್ಲುವುದು ಕಷ್ಟ.

ಸೋರಿಕೆ ನೋಡಲು ಒಳಗೆ ನೀರು ತುಂಬಿಸಬೇಡಿ. ಗೇಣುದ್ದ ನೀರೇ ನೂರಾರು ಕಿಲೋ, ಸ್ಟ್ಯಾಂಡಿನ ಮೇಲಿನ ತಳ ಬಾಗುತ್ತದೆ. ಕೂಡಿಕೆಗಳ ಒಳಬದಿಗೆ ಸೀಮೆಸುಣ್ಣದ ಪುಡಿ ಉಜ್ಜಿ ದೋಣಿಯನ್ನು ಆಳವಿಲ್ಲದ ನೀರಿಗೆ ಇಳಿಸಿ. ಎಲ್ಲಿ ಪುಡಿ ಒದ್ದೆಯಾಗುತ್ತದೋ ಅಲ್ಲಿ ಮತ್ತೆ ಉಳಿ ಹಿಡಿಯಬೇಕು.