ಡೈರಿಗೆ ಹೋದ ಹಾಲು ಚೀಸ್ ಆಗಿ ಮನೆಗೆ ಬಂದಾಗ

ಚಿಂತಾಮಣಿಯಲ್ಲಿ ಜಿಮ್‌ಗೆ ಹೋಗುವ ನಮ್ಮ ಬೀದಿಯ ಹುಡುಗನೊಬ್ಬ ದಿನಕ್ಕೆ ನಾಲ್ಕು ಸ್ಲೈಸ್ ಚೀಸ್ ತಿನ್ನುತ್ತಾನೆ, ಪ್ರೋಟೀನ್‌ಗೆ ಅಂತ. ಅವನ ಅಪ್ಪನಿಗೆ ಡಾಕ್ಟರು ಚೀಸ್ ಮುಟ್ಟಬೇಡಿ ಅಂದಿದ್ದಾರೆ. ಒಂದೇ ಮನೆಯಲ್ಲಿ ಎರಡು ಮಾತು. ಅವರಮ್ಮ ಯಾರನ್ನು ನಂಬಬೇಕು?

ಹೆಸರಿನಲ್ಲೇ ಗೊಂದಲ ಶುರು. ನಿಘಂಟಿನಲ್ಲಿ ಚೀಸ್ ಅಂದರೆ ಗಿಣ್ಣು. ನಮ್ಮ ಕಡೆ ಗಿಣ್ಣು ಅಂದರೆ ಹಸು ಈದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ಚೀಸ್ ಬೇರೆಯೇ. ಹಾಲಿಗೆ ರೆನೆಟ್ ಅನ್ನುವ ಹಾಲು ಹೆಪ್ಪುಗಟ್ಟಿಸುವ ಕಿಣ್ವ ಹಾಕಿ ಗಟ್ಟಿ ಮಾಡಿ, ನೀರು ಬಸಿದು, ಉಪ್ಪು ಸೇರಿಸುತ್ತಾರೆ. ಸುಮಾರು ಹತ್ತು ಲೀಟರ್ ಹಾಲಿಗೆ ಒಂದು ಕೆಜಿ ಸಿಗುತ್ತದೆ. ಅದನ್ನು ಮತ್ತೆ ಕರಗಿಸಿ ಕೆಡದಂತೆ ಮಾಡುವ ಪ್ರೊಸೆಸ್ಡ್ ಚೀಸ್ 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕೊಬ್ಬು ಕಡಿಮೆ ತಿನ್ನಿ ಅಂದಿತು. ಕೊಬ್ಬು ಹೃದಯಕ್ಕೆ ಕೆಟ್ಟದ್ದು ಅನ್ನುವ ಆ ಭಯ ನಿಧಾನವಾಗಿ ನಮ್ಮೂರಿನ ಕ್ಲಿನಿಕ್‌ಗಳಿಗೂ ಬಂತು.

ನಮ್ಮ ಜಿಲ್ಲೆಯ ಕಥೆ ಮಾತ್ರ ಬೇರೆ ದಾರಿ ಹಿಡಿದಿತ್ತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಹೈನುಗಾರಿಕೆ ಯೋಜನೆ ಶುರುವಾಯಿತು. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರ ಸೀಮೆಯಲ್ಲಿ ಮಳೆ ಕೈಕೊಟ್ಟಾಗ ಮನೆ ನಡೆಸಿದ್ದು ರೇಷ್ಮೆ ಮತ್ತು ಹಾಲು. ನಾಟಿ ಹಸುವಿನ ಜಾಗಕ್ಕೆ ಸೀಮೆಹಸು ಬಂತು. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಡೈರಿ ಮುಂದೆ ಸಾಲು. ಶಾಲೆಗೆ ಹೋಗದ ಅಜ್ಜಿಗೂ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಅನ್ನುವ ಎರಡು ಮಾತು ಗೊತ್ತು. ಫ್ಯಾಟ್ ಬಂದರೆ ರೇಟು, ಇಲ್ಲದಿದ್ದರೆ ಕಡಿತ. ಪ್ರೋಟೀನ್ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಅದು ಎಸ್‌ಎನ್‌ಎಫ್ ಒಳಗೇ ಇತ್ತು, ಲೆಕ್ಕಕ್ಕೆ ಬೇರೆಯಾಗಿ ಬರಲಿಲ್ಲ ಅಷ್ಟೇ. ಬಿಲ್ಲು ದೊಡ್ಡದಾಗಲಿ ಅಂತ ಎಷ್ಟೋ ಮನೆಯಲ್ಲಿ ಕಾಫಿಗೆ ಒಂದು ಲೋಟ ಉಳಿಸಿಕೊಂಡು ಉಳಿದದ್ದೆಲ್ಲ ಡೈರಿಗೆ ಸುರಿದರು. ಹೈನಿರುವ ಮನೆಯ ಮಕ್ಕಳೇ ಹಾಲಿಲ್ಲದೆ ಬೆಳೆದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಜಿಮ್ ಬಂತು, ಪ್ರೋಟೀನ್ ಮಾತು ಬಂತು. ಚೀಸ್ ಮಾಡುವಾಗ ಬಸಿದ ನೀರಿನಲ್ಲಿ ಹಾಲಿನ ಪ್ರೋಟೀನಿನ ಸುಮಾರು ಐದರಲ್ಲೊಂದು ಭಾಗ ಹೋಗುತ್ತದೆ. ಹಿಂದೆ ಚೆಲ್ಲುತ್ತಿದ್ದ ಆ ನೀರೇ ಇವತ್ತು ಡಬ್ಬಿಯಲ್ಲಿ ಬರುವ ವೇ ಪುಡಿ.

ಹಾಗಾದರೆ ಚೀಸ್ ತಿನ್ನಬಹುದಾ? ತಿನ್ನಬಹುದು. ಅಷ್ಟೇ ಕೊಬ್ಬನ್ನು ಬೆಣ್ಣೆಯಿಂದ ತಿಂದಾಗಿನಷ್ಟು ಕೆಟ್ಟ ಕೊಲೆಸ್ಟ್ರಾಲ್ ಚೀಸ್‌ನಿಂದ ಏರುವುದಿಲ್ಲ ಅಂತ ಈಚಿನ ಪ್ರಯೋಗಗಳಲ್ಲಿ ಕಂಡಿದೆ. ಆದರೆ 20 ಗ್ರಾಂ ಸ್ಲೈಸಿನಲ್ಲಿ ಪ್ರೋಟೀನ್ ಸುಮಾರು 4 ಗ್ರಾಂ, ಕೊಬ್ಬು 5 ಗ್ರಾಂ. ಪ್ರೋಟೀನಿಗಿಂತ ಕೊಬ್ಬೇ ಜಾಸ್ತಿ ಅಲ್ವಾ? ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. 50 ಗ್ರಾಂ ಹುರಿಗಡಲೆಯಲ್ಲಿ ಸುಮಾರು 10 ಗ್ರಾಂ, ಕೊಬ್ಬು ತೀರಾ ಕಮ್ಮಿ. 60 ಕೆಜಿ ತೂಕದವರಿಗೆ ದಿನಕ್ಕೆ ಬೇಕಾದದ್ದು 50 ಗ್ರಾಂ ಪ್ರೋಟೀನ್. ಮೈ ಬೆಳೆಸುವವರಿಗೆ ಇನ್ನೂ ಸ್ವಲ್ಪ ಬೇಕು.

ಹುರುಳಿ ಬಸ್ಸಾರು, ಮುದ್ದೆ ಉಂಡವರು ಈ ಲೆಕ್ಕದಲ್ಲಿ ಹಿಂದೆ ಬಿದ್ದಿಲ್ಲ. ಕಾಳಿನಲ್ಲಿ ಕಮ್ಮಿ ಇರುವ ಮೆಥಿಯೋನಿನ್ (ಪ್ರೋಟೀನ್ ಕಟ್ಟಲು ಬೇಕಾದ ಒಂದು ಅಮೈನೊ ಆಮ್ಲ) ರಾಗಿಯಲ್ಲಿ ಚೆನ್ನಾಗಿದೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಿಟ್ಟು ಚೀಸ್ ಹುಡುಕುವುದು ನನಗಂತೂ ಸರಿ ಕಾಣುವುದಿಲ್ಲ.

ನಿಜವಾಗಿ ನೋಡಬೇಕಾದ್ದು ಉಪ್ಪು. ಕೆಲವು ಪ್ರೊಸೆಸ್ಡ್ ಚೀಸ್‌ನಲ್ಲಿ ಒಂದೊಂದು ಸ್ಲೈಸಿಗೂ 250 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನಾಲ್ಕು ತಿಂದರೆ ದಿನದ ಮಿತಿಯ ಅರ್ಧ ಮುಗಿಯಿತು. ಬಿ.ಪಿ. ಇರುವ ಅಪ್ಪನಿಗೆ ಡಾಕ್ಟರು ಬೇಡ ಅಂದದ್ದರಲ್ಲಿ ಅರ್ಥ ಇದೆ. ಪೊಟ್ಟಣದ ಮೇಲೆ ಅನಲಾಗ್ ಅಂತ ಇದ್ದರೆ ಅದು ಚೀಸ್ ಅಲ್ಲ. ಹಾಲಿನ ಕೊಬ್ಬಿನ ಬದಲು ಎಣ್ಣೆ ಹಾಕಿರಬಹುದು.

ಆ ಹುಡುಗನ ಮನೆಯಲ್ಲಿ ಈಗಲೂ ಎರಡು ಹಸು ಇವೆ. ಸಂಜೆ ಕ್ಯಾನಿಗೆ ಸುರಿಯುವ ಮೊದಲು ಅರ್ಧ ಲೀಟರ್ ತೆಗೆದಿಟ್ಟರೆ ಅದರಲ್ಲೇ 16 ಗ್ರಾಂ ಪ್ರೋಟೀನ್ ಇದೆ, ಅವನ ನಾಲ್ಕು ಸ್ಲೈಸಿನಷ್ಟೇ. ಕೊಬ್ಬು ಹೆಚ್ಚುಕಮ್ಮಿ ಅಷ್ಟೇ. ಸೋಡಿಯಂ ಮಾತ್ರ ಕಾಲು ಭಾಗ.