ಟಾರ್ಗೆಟ್ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ

ಸಣ್ಣ ಕೈಗಾರಿಕೆಯವರು ಸಲಹೆಗೆ ನನ್ನನ್ನು ಕರೆಯುವುದು ಹೆಚ್ಚಾಗಿ ಫೆಬ್ರುವರಿಯಲ್ಲಿ, ಮಾರ್ಚ್‌ಗೆ ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ. "ಸಾರ್, ಈ ವರ್ಷದ ಮಾರಾಟದ ಟಾರ್ಗೆಟ್ ಮುಟ್ಟೋ ಹಾಗೆ ಕಾಣ್ತಿಲ್ಲ." ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ, "ಹೋದ ವರ್ಷಕ್ಕಿಂತ ಜಾಸ್ತಿ ಇರಬೇಕಲ್ವಾ?" ಅನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಪ್ರತಿ ಟಾರ್ಗೆಟ್‌ನ ಹಿಂದೆ ಒಂದು ಊಹೆ ಇರುತ್ತದೆ. ಅಂಕಿ ಬೋರ್ಡಿನ ಮೇಲೆ ಬರುತ್ತದೆ, ಊಹೆಯನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಬರೆದಿಡದ್ದು ಸುಳ್ಳಾದಾಗ ಯಾರಿಗೂ ಗೊತ್ತಾಗುವುದಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ಬೋರ್‌ವೆಲ್ ಪಂಪ್ ತಯಾರಿಸುವ ಒಬ್ಬ ಯಜಮಾನರಿದ್ದಾರೆ. ಇಪ್ಪತ್ತು ಜನಕ್ಕೆ ಕೆಲಸ ಕೊಟ್ಟವರು, ನನಗೆ ಬಹಳ ಇಷ್ಟವಾದ ಮನುಷ್ಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಎಲ್ಲೆಲ್ಲೂ ಬೋರ್ ಕೊರೆಸುವವರೇ. ಪಂಪ್ ಸಾಲದಷ್ಟು ಬೇಡಿಕೆ. ಇವರು 2024ರ ಏಪ್ರಿಲ್‌ನಲ್ಲಿ ಟಾರ್ಗೆಟ್ ಒಂದೂವರೆ ಪಟ್ಟು ಮಾಡಿದರು. ಬರ ಮುಂದುವರಿಯುತ್ತದೆ ಅನ್ನುವುದು ಅದರ ಹಿಂದಿನ ಊಹೆ. ಅದನ್ನು ಬಾಯಿ ಬಿಟ್ಟು ಯಾರೂ ಹೇಳಿರಲಿಲ್ಲ.

ಮಳೆ ಚೆನ್ನಾಗಿ ಬಂತು. ಜುಲೈ ಮುಗಿಯುವುದರೊಳಗೆ ಕೆಆರ್‌ಎಸ್ ತುಂಬಿತು. ಬೋರ್ ಕೊರೆಯುವ ಲಾರಿಗಳು ನಿಂತವು. ಟಾರ್ಗೆಟ್ ಮಾತ್ರ ಬೋರ್ಡಿನ ಮೇಲೆ ಹಾಗೇ ಇತ್ತು. ಸೇಲ್ಸ್ ಹುಡುಗರು ಏನು ಮಾಡಿಯಾರು? ತುಮಕೂರು, ಚಿತ್ರದುರ್ಗದ ಡೀಲರ್‌ಗಳಿಗೆ ಉದ್ರಿ ಮೇಲೆ ಪಂಪ್ ತುಂಬಿದರು. ಮಾರ್ಚ್ 31ಕ್ಕೆ ಅಂಕಿ ಮುಟ್ಟಿತು, ಸಿಹಿಯೂ ಹಂಚಿದರು. ಬಿಲ್ ಹಾಕಿದ್ದಕ್ಕೆ ಜಿಎಸ್‌ಟಿ ಕಟ್ಟಿ ಆಗಿತ್ತು, ಡೀಲರ್‌ಗಳ ದುಡ್ಡು ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಪಂಪ್‌ಗಳು ವಾಪಸ್ ಬರತೊಡಗಿದವು. ಸಂಬಳ ಕೊಡಲು ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಸಾಲ ತೆಗೆಯಬೇಕಾಯಿತು.

ಇಷ್ಟಾದ ಮೇಲೂ ಅವರು ಕೇಳಿದ್ದು, "ನಡುವೆ ಟಾರ್ಗೆಟ್ ಇಳಿಸಿದ್ರೆ ಸೋತ ಹಾಗಲ್ವಾ ಸಾರ್?"

ಅಲ್ಲ. ನಮ್ಮ ಬಯಲುಸೀಮೆಯ ರೈತರನ್ನು ನೋಡಿ. ಮುಂಗಾರು ತಡವಾದರೆ ಉದ್ದ ಅವಧಿಯ ರಾಗಿ ಬಿಟ್ಟು ಬೇಗ ಬರುವ ತಳಿ ಹಾಕುತ್ತಾರೆ. ಅದಕ್ಕೂ ಹೊತ್ತು ಮೀರಿದರೆ ಹುರುಳಿ ಚೆಲ್ಲುತ್ತಾರೆ. ಅವರು ಸೋತರು ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ. ಮನೆಗೆ ಕಾಳು, ದನಕ್ಕೆ ಮೇವು, ಇದು ಗುರಿ. ರಾಗಿ ಆ ಗುರಿಗೆ ಒಂದು ದಾರಿ, ಮಳೆ ಆ ದಾರಿಯ ಊಹೆ. ಈ ಮೂರನ್ನು ಬೇರೆ ಬೇರೆ ನೋಡಿ ಅಂತ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಪಂಪ್ ಯಜಮಾನರ ಗುರಿ ಇಪ್ಪತ್ತು ಮನೆಗಳ ಸಂಬಳ ತಪ್ಪದಂತೆ ಕಾರ್ಖಾನೆ ನಡೆಸುವುದು. ಹೊಸ ಪಂಪ್ ಮಾರಾಟ ಒಂದು ದಾರಿ. ಹಳೆ ಪಂಪ್ ರಿಪೇರಿ, ವೈಂಡಿಂಗ್ ಇನ್ನೊಂದು ದಾರಿ. ಆ ವರ್ಷ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹಾಗಂತ ಒಂದು ತಿಂಗಳು ವ್ಯಾಪಾರ ಬಿದ್ದ ಕೂಡಲೇ ಎಲ್ಲ ಬದಲಿಸಬೇಡಿ. ಆಷಾಢದಲ್ಲಿ ಬಟ್ಟೆ ಅಂಗಡಿ ಖಾಲಿ ಇರುವುದು ಮಾಮೂಲು. ಎಷ್ಟು ತಿಂಗಳು ಕಾಯಬೇಕು ಅನ್ನುವುದು ವ್ಯಾಪಾರದಿಂದ ವ್ಯಾಪಾರಕ್ಕೆ ಬೇರೆ. ಎಲ್ಲರಿಗೂ ಒಂದೇ ಲೆಕ್ಕ ನಾನು ಕೊಡಲಾರೆ. ಬಿದ್ದದ್ದು ಮಾರಾಟವೋ, ಊಹೆಯೋ ಅಂತ ಮೊದಲು ನೋಡಿ.

ಈಗ ಆ ಯಜಮಾನರ ಬೋರ್ಡಿನಲ್ಲಿ ಅಂಕಿಯ ಕೆಳಗೆ ಇನ್ನೊಂದು ಸಾಲಿದೆ: "ಬೋರ್ ಲಾರಿ ಓಡಿದರೆ." ಪ್ರತಿ ತಿಂಗಳ ಒಂದನೇ ತಾರೀಕು ಅವರು ಶಿರಾದ ಲಾರಿ ಮಾಲೀಕರೊಬ್ಬರಿಗೆ ಫೋನ್ ಮಾಡುತ್ತಾರೆ. ಈ ತಿಂಗಳು ಎಷ್ಟು ಬೋರ್ ಕೊರೆದಿರಿ ಅಂತ ಕೇಳಿ, ಉತ್ತರವನ್ನು ಆ ಸಾಲಿನ ಪಕ್ಕ ಸೀಮೆಸುಣ್ಣದಲ್ಲಿ ಬರೆಯುತ್ತಾರೆ.